ಸ್ತಾದಿತ್ಸೆಯಿಂದ ಒಬ್ಬ ದೊರೆ

ಪ್ರಾಗ್ ಕೋಟೆ
ದೊರೆಯಿಲ್ಲದ ವರ್ಷ, ಸಂತ ಬಾರ್ತೊಲೊಮಾಯನ ಹಬ್ಬದ ಮರುದಿನ, ಮಧ್ಯಾಹ್ನ

ಪ್ರೀತಿಯ ಅಕ್ಕ ಸ್ವತಾವಾ,

ಊಟಕ್ಕೆಂದು ಸಭೆ ಬಿಟ್ಟಿದ್ದಾರೆ. ಉಪ್ಪಿನ ಗಾಡಿಯ ವೋಕ್ ನಿಮ್ಮ ಕಡೆಗೇ ಹೊರಟಿದ್ದಾನೆ. ಅವನು ಕುದುರೆ ಹೂಡುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು. ಪಾದ್ರಿಯ ಅಭ್ಯಾಸಬಲದಿಂದ ಲ್ಯಾಟಿನ್ನಿನಲ್ಲೇ ಬರೆಯುತ್ತಿದ್ದೇನೆ, ನಿಮ್ಮೂರ ಪಾದ್ರಿ ಪ್ರೊಕೋಪ್ ಓದಿ ಹೇಳಲಿ. ನಗು ಬರುವ ಕಡೆ ಆ ಮನುಷ್ಯ ನಗುವುದಿಲ್ಲ, ನೀನೇ ನಕ್ಕುಬಿಡು.

ಹದಿನಾರರ ಹುಡುಗ ನಮ್ಮ ದೊರೆ. ಅವನನ್ನು ಯಾರೋ ಇರಿದು ಕೊಂದ ಸುದ್ದಿಯಿಂದ ಈ ಊರು ಇನ್ನೂ ಚೇತರಿಸಿಕೊಂಡಿಲ್ಲ. ಅವನಿಗೆ ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ, ಇರುವವರು ಅಕ್ಕತಂಗಿಯರು ಮಾತ್ರ. ನೇಗಿಲು ಹಿಡಿದವನಿಂದ ಶುರುವಾದ ವಂಶ ಅಲ್ಲಿಗೆ ಮುಗಿಯಿತು. ಈಗ ನಾಡಿನ ಹಿರಿಯರೆಲ್ಲ ಸೇರಿ ಹೊಸಬನನ್ನು ಆರಿಸಬೇಕು. ಆರಿಸುವುದು ಹೇಗೆಂದು ಒಬ್ಬರಿಗೂ ಗೊತ್ತಿಲ್ಲ, ಕಿರುಚುವುದು ಮಾತ್ರ ಎಲ್ಲರಿಗೂ ಗೊತ್ತು.

ಅರ್ಧ ಜನಕ್ಕೆ ದಕ್ಷಿಣದ ಡ್ಯೂಕ್ ಬೇಕು. ಅವನ ಹತ್ತಿರ ಸೈನ್ಯವಿದೆ. ಇನ್ನರ್ಧ ಜನಕ್ಕೆ ಅವನು ಬೇಡ, ಯಾಕೆಂದರೆ ಅವನು ಜರ್ಮನ್ನ. ಬೇಡ ಅನ್ನುವವರ ಮುಖಂಡ ಸೆಜೆಮ ಸಾಹೇಬರು ಮೇಜು ಗುದ್ದಿ ಎದ್ದರು. “ನಮ್ಮ ಮಾತು ಒಂದಕ್ಷರ ಬಾರದ ಮೂಗನ ತಲೆ ಮೇಲೆ ನಮ್ಮ ಕಿರೀಟ ಇಡ್ತೀರೇನ್ರೋ? ಕುಲ ಗೊತ್ತಿಲ್ಲ, ನೆಲ ಗೊತ್ತಿಲ್ಲ, ಪರದೇಶಿ!” ಅಂದರು. ಜರ್ಮನ್ನರಿಗೆ ನಮ್ಮ ನುಡಿಯಲ್ಲಿ ಮೂಗರು ಎಂದೇ ಹೆಸರಲ್ಲವೇ, ಸಭೆಯಲ್ಲಿದ್ದ ಡ್ಯೂಕನ ದೂತರಿಗೂ ಆ ಒಂದು ಶಬ್ದ ಅರ್ಥವಾಯಿತು. ಇಷ್ಟು ಗುಡುಗುವ ಸೆಜೆಮರ ಸ್ವಂತ ಕೋಟೆಗೆ ಅವರಜ್ಜ ಇಟ್ಟಿದ್ದು ಜರ್ಮನ್ ಹೆಸರು. ಅದನ್ನು ಯಾರೂ ಎತ್ತಲಿಲ್ಲ.

ಆಗ ಡ್ಯೂಕನ ಕಡೆಯ ರಾಚೆಕ್ ಎದ್ದ. ಅವನ ನಾಲಿಗೆ ನಿನಗೆ ಗೊತ್ತಲ್ಲ. “ನಮ್ಮ ಮಣ್ಣಿನವನೇ ಬೇಕೇನ್ರೀ? ಹಾಗಾದ್ರೆ ಇಲ್ಲಿ ಯಾಕೆ ಗಂಟಲು ಹರ್ಕೋತೀರಿ, ಸ್ತಾದಿತ್ಸೆಗೆ ಹೋಗಿ! ಮೊದಲನೇ ದೊರೆ ಅಲ್ಲೇ ತಾನೆ ಉಳ್ತಾ ಇದ್ದದ್ದು, ರಾಣಿ ಗಂಡನಾಗು ಬಾ ಅಂತ ಹೇಳಿ ಕಳಿಸಿದಾಗ? ಅವನ ದಾಯಾದಿ ಯಾವನಾದ್ರೂ ಈಗ್ಲೂ ಅಲ್ಲಿ ಸಗಣಿ ಬಾಚ್ತಾ ಇರ್ತಾನೆ. ಮುಖ ತೊಳ್ಸಿ, ರಾಜಕುಮಾರೀನ ಕೊಟ್ಟು ಕೂರ್ಸಿ!” ಸಭೆಗೆ ಸಭೆಯೇ ನಕ್ಕಿತು. ಸೆಜೆಮರ ಮುಖ ಬೀಟ್‌ರೂಟಿನ ಹಾಗಾಯಿತು.

ಸ್ತಾದಿತ್ಸೆ ನಿನ್ನ ಹೊಲದ ಬದುವಿಗೇ ತಾನೆ? ಒಬ್ಬ ಒಳ್ಳೆಯ ದೊರೆಯನ್ನು ಆರಿಸಿ ಕಳಿಸಿಕೊಡು. ಹಲ್ಲು ಎಣಿಸಿ ನೋಡು. ಬರುವಾಗ ಮಚ್ಚೆಯ ಎತ್ತಿನ ಜೋಡಿಯನ್ನೂ ಹೊಡೆದುಕೊಂಡು ಬರಲಿ, ಕಥೆಯಲ್ಲಿರುವ ಹಾಗೆ.

ನಿನ್ನ ತಮ್ಮ,
ಬವೋರ್


ಪ್ರಾಗ್ ಕೋಟೆ
ಅದರ ಎರಡು ದಿನದ ಮೇಲೆ

ಅಕ್ಕಾ,

ಇದನ್ನು ನಮ್ಮ ನುಡಿಯಲ್ಲಿ ಬರೆಯುತ್ತಿದ್ದೇನೆ. ಪ್ರೊಕೋಪನ ಕೈಗೆ ಕೊಡಬೇಡ, ಅಮ್ಮ ಕಲಿಸಿದ ಅಕ್ಷರ ಕೂಡಿಸಿಕೊಂಡು ನೀನೇ ಓದು.

ರಾಚೆಕ್ ಸತ್ತ. ಆ ಪತ್ರ ವೋಕನ ಕೈಗೆ ಕೊಟ್ಟು ಒಳಗೆ ಹೋದೆನೋ ಇಲ್ಲವೋ, ಸಭೆ ಮತ್ತೆ ಕೂಡಿತ್ತು. ರಾಚೆಕ್ ಬಾಗಿಲಲ್ಲೇ ಅದೇ ಮಾತನ್ನು ಇನ್ನೊಂದು ಸಲ ಆಡಿದ. ಮೊದಲ ಸಲ ನಕ್ಕಿದ್ದರಲ್ಲ, ಆ ರುಚಿ. ಸೆಜೆಮರ ಅಳಿಯ ಬಂದು ಅವನನ್ನು ತಬ್ಬಿಕೊಂಡ ಹಾಗೆ ಕಂಡಿತು. ನನಗಂತೂ ರಾಜಿಯಾದರು ಅನ್ನಿಸಿತು. ಅಳಿಯ ಹಿಂದೆ ಸರಿದಾಗ ರಾಚೆಕ್ ಹೊಟ್ಟೆ ಹಿಡಿದುಕೊಂಡು ನನ್ನ ಕಡೆ ನೋಡಿದ. ಇನ್ನೂ ನಗುವಿನ ಮುಖವೇ ಇತ್ತು. ನನ್ನ ಕಾಲ ಮೇಲೆ ಬಿದ್ದ.

ನಾಲ್ಕು ಗೋಡೆಯೊಳಗೆ, ನಾಡಿನ ಹಿರಿಯರ ಎದುರಿಗೆ, ಒಂದು ತಮಾಷೆಗೆ! ನನಗೆ ಇನ್ನೂ ನಂಬಲಾಗುತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಮ್ಮ ಸಾಯುವ ತನಕ ಹೇಳಿದಳು, ನಾವು ಕೇಳಲಿಲ್ಲ.

ನಾನು ಕಳಿಸಿದ ಪತ್ರವನ್ನು ಒಲೆಗೆ ಹಾಕು. ಸ್ತಾದಿತ್ಸೆ ಅನ್ನುವ ಶಬ್ದ ಸದ್ಯಕ್ಕೆ ಯಾರ ಬಾಯಲ್ಲೂ ಬರುವುದು ಬೇಡ. ಕೋಟೆಯ ಬಾಗಿಲು ಹಾಕಿದ್ದಾರೆ, ಯಾತ್ರಿಕರನ್ನು ಮಾತ್ರ ಬಿಡುತ್ತಾರೆ. ಅಂಥ ಒಬ್ಬನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಬವೋರ್


ಸ್ವತಾವಾಳ ಮನೆಯಿಂದ, ಸ್ತಾದಿತ್ಸೆಯ ಹತ್ತಿರ
ಸಂತ ಜೈಲ್ಸನ ಹಬ್ಬ. ಪಾದ್ರಿ ಪ್ರೊಕೋಪನ ಕೈಬರಹ

ತಮ್ಮಾ ಬವೋರ್,

ನಿನ್ನ ಅಪ್ಪಣೆ ಬಂತು. ಪ್ರೊಕೋಪ್ ಅದನ್ನು ನನಗೆ ಓದಿ ಹೇಳಿದವನೇ, “ಅಮ್ಮಾ, ಇದು ಮನೆಯೊಳಗೆ ಇಟ್ಟುಕೊಳ್ಳೋ ಮಾತಲ್ಲ” ಎಂದು ಭಾನುವಾರ ಪೂಜೆಯಾದ ಮೇಲೆ ಚರ್ಚಿನಲ್ಲಿ ನಿಂತು ಊರಿಗೆಲ್ಲ ಓದಿದ. ಹಳೆ ಕಾಲದಲ್ಲಿ ಹೇಗೆ ರಾಣಿ ಸ್ತಾದಿತ್ಸೆಗೆ ಹೇಳಿ ಕಳಿಸಿದ್ದಳೋ ಹಾಗೇ ಈಗ ಸಭೆ ಹೇಳಿ ಕಳಿಸಿದೆ ಅಂದ. ಮುದುಕರು ಅತ್ತುಬಿಟ್ಟರು. ಇಷ್ಟು ದಿನ ಆ ಕಥೆಯನ್ನು ಮಕ್ಕಳಿಗೆ ನಿದ್ದೆ ಬರಿಸಲು ಹೇಳುತ್ತಿದ್ದೆವು. ಅದು ತಿರುಗಿ ನಮ್ಮ ಬಾಗಿಲಿಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಆರಿಸುವುದೇನೂ ಕಷ್ಟವಾಗಲಿಲ್ಲ. ದೊರೆಯ ಹೊಲ ಅಂತ ಕರೆಯುವ ತುಂಡನ್ನು ಉಳುವ ಮನೆ ಇರುವುದೇ ಒಂದು. ಅದರ ಯಜಮಾನ ಮಿಕುಲ. ಗಟ್ಟಿ ಆಳು, ಕುಡಿಯುವುದಿಲ್ಲ, ಹಲ್ಲು ಒಂದು ಬಿಟ್ಟು ಎಲ್ಲ ಇದೆ. ಅವನನ್ನು ಕರೆದು ಹೇಳಿದರೆ ನನ್ನ ಮುಖ ನೋಡಿ, “ಅಮ್ಮಾವ್ರೆ, ಗೋಧಿ ಬಿತ್ತೋ ಹೊತ್ತು. ದೊರೆ ಆಗೋದು ಎಷ್ಟು ದಿನ ಹಿಡಿಯುತ್ತೆ?” ಅಂದ. “ನೀನು ಹೋಗಿ ನಿಲ್ಲು ಮಾರಾಯ, ಬಿತ್ತನೆ ನಾನು ಮಾಡಿಸ್ತೀನಿ” ಅಂದೆ. ಆಗಲಿ ಅಂದ. ನನಗೆ ಅವನು ಯಾವತ್ತೂ ಬೇಡ ಅಂದವನಲ್ಲ.

ಅವನಿಗೆ ಹೆಂಡತಿ ಇದ್ದಾಳೆ, ರಾಜಕುಮಾರಿಯ ವಿಷಯ ಕೈಬಿಡಿ. ಹೊಸ ಅಂಗಿ ಹೊಲಿಸಿದ್ದೇನೆ. ನೀನು ಹೇಳಿದ ಹಾಗೆ ಎತ್ತುಗಳ ಜೊತೆ ಹೊರಟಿದ್ದಾನೆ, ಒಂದಕ್ಕೆ ಮಚ್ಚೆ ಕಡಿಮೆ. ಗಸಗಸೆ ರೊಟ್ಟಿ ಕಟ್ಟಿ ಕೊಟ್ಟಿದ್ದೇನೆ, ಅದು ನಿನಗೆ. ಅವನಿಗೆ ಬೇರೆ ಕೊಟ್ಟಿದ್ದೇನೆ.

ಪರದೇಶಿ ಬೇಡ ಅಂತ ನೀವೆಲ್ಲ ನಿಂತಿರುವುದು ಸರಿಯೇ. ಆದರೆ ನಿನ್ನ ಹೆಸರೇ ಬವೋರ್, ಅಂದರೆ ಬವೇರಿಯಾದವನು! ಯಾರಾದರೂ ಕೇಳಿದರೆ ತಾತನ ಸ್ನೇಹಿತನ ಹೆಸರು ಅಂತ ಹೇಳಿಬಿಡು.

ಅಕ್ಕ ಸ್ವತಾವಾ


ಪ್ರಾಗ್
ಮೇರಿಮಾತೆಯ ಹುಟ್ಟಿದ ಹಬ್ಬದ ಮರುದಿನ

ಅಕ್ಕಾ, ಅಕ್ಕಾ, ಏನು ಮಾಡಿಬಿಟ್ಟೆ!

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನೀವು. ಅದು ತಮಾಷೆ. ರಾಚೆಕ್ ಸೆಜೆಮರನ್ನು ಹಂಗಿಸಲು ಆಡಿದ ಮಾತು, ನಾನು ನಿನ್ನನ್ನು ನಗಿಸಲು ಬರೆದ ಮಾತು. ನನ್ನ ಎರಡನೇ ಪತ್ರ ನಿನಗೆ ತಲುಪಲಿಲ್ಲವೇ?

ನಿನ್ನೆ ಪೂಜೆ ಮುಗಿಸಿ ಹೊರಗೆ ಬಂದರೆ ಬೀದಿಯ ತುಂಬ ಜನ. ನಡುವೆ ಜೋಡಿ ಎತ್ತು, ನೇಗಿಲು, ಹೊಸ ಅಂಗಿ ತೊಟ್ಟು ಬೆವರುತ್ತಿರುವ ಒಬ್ಬ ಆಸಾಮಿ. ನನ್ನನ್ನು ಕಂಡವನೇ ಟೋಪಿ ತೆಗೆದು, “ಸ್ವಾಮೀ, ಸ್ವತಾವಾ ಅಮ್ಮಾವ್ರು ಕಳ್ಸಿದ್ರು. ದೊರೆ ಆಗೋಕೆ ಬಂದಿದ್ದೀನಿ. ಎತ್ತಿಗೆ ನೀರು ಎಲ್ಲಿ ಸಿಗುತ್ತೆ?” ಅಂದ. ಈ ಮಾತಿಗೇ ಒಬ್ಬ ಹೆಣವಾಗಿದ್ದಾನೆ!

ಅವನನ್ನು ಹಿತ್ತಿಲ ಬಾಗಿಲಿನಿಂದ ವಾಪಸ್ಸು ಅಟ್ಟಬೇಕೆಂದೇ ಇದ್ದೆ. ಅಷ್ಟರಲ್ಲಿ ಸೆಜೆಮ ಸಾಹೇಬರೇ ಬಂದರು. ಇವನ ಕಥೆ ಮುಗಿಯಿತು ಅಂದುಕೊಂಡೆ. ಅವರು ಕುದುರೆಯಿಂದ ಇಳಿದು, ಮಿಕುಲನ ಅಂಗೈ ತಿರುಗಿಸಿ ಜಡ್ಡು ನೋಡಿ, ಎಲ್ಲರಿಗೂ ಕೇಳುವ ಹಾಗೆ “ನೋಡ್ರೋ, ಇದು ದೊರೆಯ ಕೈ!” ಅಂದರು. ಜನ ಕೂಗಿದ ಸದ್ದಿಗೆ ಪಾರಿವಾಳಗಳೆಲ್ಲ ಎದ್ದು ಹೋದವು. ಅಕ್ಕಾ, ನನಗೂ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ.

ಈಗ ಅವನು ನನ್ನ ಮನೆಯಲ್ಲೇ ಇದ್ದಾನೆ, ಬಟಾಣಿ ಗಂಜಿ ಕುಡಿದುಕೊಂಡು ಸುಖವಾಗಿದ್ದಾನೆ. ಸಂತ ವಾತ್ಸ್ಲಾವನ ಹಬ್ಬದ ದಿನ ಕೋಟೆಯ ಮುಂದಿನ ಬಯಲಿನಲ್ಲಿ ಅವನು ಒಂದು ಸಾಲು ಉಳುವುದೆಂದು ನಿಶ್ಚಯವಾಗಿದೆ. ಅದನ್ನು ಕಂಡರೆ ಡ್ಯೂಕನ ಕಡೆಯವರ ಬಾಯಿ ಕಟ್ಟುತ್ತದೆ ಅನ್ನುತ್ತಾರೆ ಸೆಜೆಮರು. ನನ್ನ ಹೆಗಲ ಮೇಲೆ ಕೈ ಹಾಕಿ, “ಇದು ಕೈಗೂಡಿದ್ರೆ ಈ ಚರ್ಚಿನ ಹಿರಿಯ ಪಾದ್ರಿ ನೀವೇ” ಅಂದರು. ನೀನು ಮಾಡಿದ್ದು ಅಂಥ ತಪ್ಪೇನಲ್ಲವೇನೋ ಎಂದು ಈಗ ಅನ್ನಿಸುತ್ತಿದೆ.

ಮಿಕುಲನಿಗೆ ಮಾತ್ರ ಒಂದೇ ಚಿಂತೆ. ಬಿತ್ತನೆ ಮುಗಿಯಿತೇ ಎಂದು ಕೇಳಿ ಬರೆಯಲು ಹೇಳಿದ.

ಬವೋರ್


ಸ್ವತಾವಾಳ ಮನೆಯಿಂದ
ಸಂತ ಮತ್ತಾಯನ ಹಬ್ಬ

ಬವೋರ್,

ಇದು ನನ್ನ ಕೈಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು. ಪ್ರೊಕೋಪನಿಗೆ ಗೊತ್ತಾಗಬಾರದು, ಗೊತ್ತಾದರೆ ಊರಿಗೇ ಓದುತ್ತಾನೆ.

ನಿನ್ನ ಎರಡನೇ ಪತ್ರವೂ ಆಮೇಲಿನದೂ ಇವತ್ತೇ ಬಂದವು. ಆ ಯಾತ್ರಿಕ ಜ್ವರ ಹಿಡಿದು ದಾರಿಯಲ್ಲೇ ಮಲಗಿಬಿಟ್ಟಿದ್ದನಂತೆ. ರಾಚೆಕ್ ಸತ್ತದ್ದನ್ನು ಎರಡೆರಡು ಸಲ ಓದಿದೆ. ನಾನು ಮಿಕುಲನನ್ನು ಎಂಥ ಜನರ ನಡುವೆ ಕಳಿಸಿದೆ! ಊರೆಲ್ಲ ಹಾಡಿಕೊಂಡು ಕಳಿಸಿಕೊಟ್ಟೆವಲ್ಲ!

ನಿನಗೆ ಒಂದು ವಿಷಯ ಬರೆದಿರಲಿಲ್ಲ. ಕೇಳುತ್ತಾರೆಂದು ಅನ್ನಿಸಿರಲಿಲ್ಲ, ನಾವಿಲ್ಲಿ ಯಾರೂ ಕೇಳುವುದಿಲ್ಲ. ಮಿಕುಲನ ತಾಯಿ ಹಿಲ್ಡ ಮೈಸೆನ್ ಕಡೆಯವಳು, ಬೆಟ್ಟದಾಚೆಯ ಜರ್ಮನ್ ಹೆಂಗಸು. ಅವನ ಅಪ್ಪ ಉಪ್ಪು ತರಲು ಹೋದವನು ಅವಳನ್ನೂ ಕರೆದುಕೊಂಡು ಬಂದ. ಅಪ್ಪ ಬೇಗ ಸತ್ತ. ನೇಗಿಲು ಹಿಡಿದವಳು ಅವಳೇ, ಮಗನಿಗೆ ಉಳುವುದು ಕಲಿಸಿದವಳೂ ಅವಳೇ. ಮಿಕುಲ ನಮ್ಮ ಜೊತೆ ಮಾತಾಡುವುದು ನಮ್ಮ ನುಡಿ, ದೇವರ ಹತ್ತಿರವೂ ನಮ್ಮ ನುಡಿ. ಎತ್ತಿನ ಹತ್ತಿರ ಮಾತ್ರ ಜರ್ಮನ್. ಆ ಎತ್ತುಗಳಿಗೆ ಬೇರೆ ಮಾತೇ ಗೊತ್ತಿಲ್ಲ. ನಮ್ಮೂರಲ್ಲಿ ಅದೊಂದು ತಮಾಷೆ, ಸಂಜೆ ಅವನು ಹೊಲದಿಂದ ಬರುವಾಗ ಮಕ್ಕಳು ಅಣಕಿಸಿಕೊಂಡು ಹಿಂದೆ ಹೋಗುತ್ತವೆ.

ಅವನು ಆ ಬಯಲಿನಲ್ಲಿ ಉಳಬಾರದು. ಕಾಲು ಉಳುಕಿತು ಅನ್ನು, ಎತ್ತಿಗೆ ರೋಗ ಅನ್ನು, ಏನಾದರೂ ಅನ್ನು. ಹಬ್ಬಕ್ಕೆ ಮುಂಚೆ ಅವನನ್ನು ಗಾಡಿಯಲ್ಲಿ ಮಲಗಿಸಿ ಕಳಿಸು. ಈ ಪತ್ರ ವೋಕನ ಕೈಯಲ್ಲೇ ಕೊಟ್ಟಿದ್ದೇನೆ, ಎಲ್ಲೂ ನಿಲ್ಲಬೇಡ ಅಂದಿದ್ದೇನೆ.

ನನ್ನ ಮಾತು ಕೇಳಿ ಹೋದವನು ಅವನು. ಜೀವಂತ ವಾಪಸ್ಸು ಬರಬೇಕು. ನಿನ್ನನ್ನು ಇದುವರೆಗೆ ಏನೂ ಬೇಡಿದವಳಲ್ಲ, ಇದೊಂದು ಬೇಡುತ್ತೇನೆ.

ಸ್ವತಾವಾ


ಪ್ರಾಗ್
ಸಂತ ವಾತ್ಸ್ಲಾವನ ಹಬ್ಬದ ಮರುದಿನ

ಅಕ್ಕಾ,

ನಿನ್ನ ಪತ್ರ ಇವತ್ತು ಬೆಳಿಗ್ಗೆ ಕೈಸೇರಿತು. ಒಂದು ದಿನ ಮುಂಚೆ ಬಂದಿದ್ದರೆ! ಒಂದೇ ಒಂದು ದಿನ!

ಹೇಗೆ ಬರೆಯಲಿ? ಬಯಲಿನ ತುಂಬ ಜನ ಸೇರಿದ್ದರು, ನಗಾರಿ ಬಡಿಯುತ್ತಿದ್ದರು. ಮಿಕುಲ ಮೊದಲು ನಮ್ಮ ನುಡಿಯಲ್ಲೇ ಎತ್ತುಗಳನ್ನು ಕರೆದ. ಅವು ಅಲುಗಲಿಲ್ಲ. ಇನ್ನೊಂದು ಸಲ ಕರೆದ. ಜನ ನಗತೊಡಗಿದರು. ಸೆಜೆಮರು ಹಲ್ಲು ಕಚ್ಚಿ “ಹೊಡಿಯೋ!” ಅಂದರು. ಮಿಕುಲ ಹೊಡೆಯಲಿಲ್ಲ, ಎತ್ತಿನ ಕಿವಿಯ ಹತ್ತಿರ ಬಾಯಿಟ್ಟು ಏನೋ ಪಿಸುಗುಟ್ಟಿದ. ಅವು ಹೊರಟವು. ಅಂಥ ನೇರ ಸಾಲು ನಾನು ಕಂಡಿರಲಿಲ್ಲ ಅಕ್ಕಾ. ಜನರಲ್ಲಿ ಕೆಲವರು ಮೊಣಕಾಲೂರಿದರು.

ತಿರುವಿನಲ್ಲಿ ಅವನು ಮೈಮರೆತ. ಕೆಲಸದಲ್ಲಿ ಮುಳುಗಿದವನು ಹಾಗೇ ತಾನೆ. ಮನೆಯ ಹೊಲದಲ್ಲಿ ಕೂಗುವ ಹಾಗೆ ಗಟ್ಟಿಯಾಗಿ, ಪ್ರೀತಿಯಿಂದ, ಬಾ ಬಾ ನನ್ನ ಮುದ್ದೂ ಅಂತ ಜರ್ಮನ್ನಿನಲ್ಲಿ ಕೂಗಿದ. “ಕೊಮ್, ಕೊಮ್, ಮೈನ್ ಲೀಬರ್!”

ನಗಾರಿ ನಿಂತಿತು. ಒಬ್ಬ ಹೆಂಗಸು “ಮೂಗ” ಅಂದಳು. ಮೆಲ್ಲಗೆ ಅಂದಳು, ಪಕ್ಕದವನಿಗೆ ಹೇಳುವ ಹಾಗೆ. ಆಮೇಲೆ ಬಯಲಿಗೆ ಬಯಲೇ ಅದನ್ನೇ ಕೂಗಿತು. ಸೆಜೆಮರು ಕುದುರೆ ತಿರುಗಿಸಿ ಹೊರಟುಹೋದರು. ಮೊದಲ ಕಲ್ಲು ಯಾರದ್ದೋ ತಿಳಿಯದು. ಮಿಕುಲ ನೇಗಿಲು ಬಿಡಲಿಲ್ಲ. “ನಿಮ್ಮವನೇ ಕಣ್ರಪ್ಪೋ! ಸ್ತಾದಿತ್ಸೆಯವನು, ನಿಮ್ಮವನೇ!” ಅಂತ ಕೂಗಿದ. ಅಚ್ಚ ನಮ್ಮ ನುಡಿಯಲ್ಲೇ ಕೂಗಿದ, ನಿನ್ನ ನನ್ನ ಹಾಗೆ. ಅಷ್ಟು ಜನರಲ್ಲಿ ಒಬ್ಬನಿಗೂ ಅದು ಕೇಳಲಿಲ್ಲ.

ಅವನನ್ನು ನಾನೇ ಮಣ್ಣು ಮಾಡಿಸಿದೆ. ಎತ್ತುಗಳನ್ನು ಯಾರೋ ಹೊಡೆದುಕೊಂಡು ಹೋದರು.

ನಮ್ಮ ತಪ್ಪಲ್ಲ ಅಕ್ಕಾ. ಯಾರ ತಪ್ಪೂ ಅಲ್ಲ. ಪತ್ರ ತಡವಾಯಿತು, ಅಷ್ಟೇ.

ಬವೋರ್


ಪ್ರಾಗ್
ಸಂತ ಮಾರ್ಟಿನನ ಹಬ್ಬ

ಪ್ರೀತಿಯ ಅಕ್ಕನಿಗೆ,

ಎರಡು ಸಲ ಹೇಳಿ ಕಳಿಸಿದೆ, ನಿನ್ನಿಂದ ಉತ್ತರವಿಲ್ಲ. ಮೈಗೆ ಹುಷಾರಿಲ್ಲವೇ?

ಆಯ್ಕೆ ಮುಗಿಯಿತು. ಒಬ್ಬರೂ ಎದುರು ಹೇಳಲಿಲ್ಲ, ಡ್ಯೂಕನೇ ನಮ್ಮ ದೊರೆ. ಎಲ್ಲರಿಗಿಂತ ಮೊದಲು ಕೈ ಎತ್ತಿ ಜಯಕಾರ ಹಾಕಿದವರು ಸೆಜೆಮ ಸಾಹೇಬರು. ಅವರಿಗೆ ಇನ್ನೊಂದು ಕೋಟೆ ಸಿಕ್ಕಿದೆ. ಹೊಸ ದೊರೆಗೆ ನಮ್ಮ ನುಡಿ ಬಾರದಿದ್ದರೂ ತಲೆದೂಗಿ ಕೇಳುತ್ತಾನೆ, ಒಳ್ಳೆಯವನ ಹಾಗೆ ಕಾಣುತ್ತಾನೆ. ಸೆಜೆಮರು ನನ್ನ ಪರವಾಗಿ ಒಂದು ಮಾತು ಹೇಳಿದ್ದರಿಂದ ಹಿರಿಯ ಪಾದ್ರಿಯ ಪಟ್ಟ ನನಗೇ ಬಂದಿದೆ. ಅಮ್ಮ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ.

ಆದದ್ದು ಆಯಿತು. ಮಿಕುಲನ ಹೆಸರಿನಲ್ಲಿ ಪೂಜೆ ಮಾಡಿಸಿದ್ದೇನೆ. ಕ್ರಿಸ್‌ಮಸ್ಸಿಗೆ ನಿನ್ನ ಮನೆಗೆ ಬರುತ್ತೇನೆ, ಬಾತುಕೋಳಿ ಕೊಬ್ಬಿಸಿಟ್ಟಿರು.

ನಿನ್ನ ಬವೋರ್


ಸ್ವತಾವಾಳ ಮನೆಯಿಂದ
ಸಂತ ಬಾರ್ಬರಳ ಹಬ್ಬ. ನನ್ನ ಕೈಬರಹ

ಬವೋರ್,

ಮೈ ಹುಷಾರಾಗಿದೆ.

ವೋಕ್ ಆ ಹಬ್ಬದ ಮೇಲೆ ಈ ಕಡೆ ಬಂದಿರಲಿಲ್ಲ, ಹೆದರಿದ್ದ. ಹೋದ ವಾರ ಬಂದ. ಪತ್ರ ಯಾಕೆ ತಡ ಮಾಡಿದೆಯೋ ಪಾಪಿ ಎಂದು ಬೈಯಲು ನಾನು ಬಾಯಿ ತೆಗೆದರೆ, ಅವನು ನನ್ನನ್ನೇ ಪಿಳಿಪಿಳಿ ನೋಡಿದ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

“ಹಬ್ಬದ ಹಿಂದಿನ ದಿನ ಸಂಜೇನೇ ಅಯ್ಯನವರ ಕೈಗೆ ಕೊಟ್ಟೆನಲ್ಲಮ್ಮಾ. ನಿಂತಲ್ಲೇ ಓದಿದ್ರು. ಮಿಕುಲ ಅಲ್ಲೇ ಬೆಂಚಿನ ಮೇಲೆ ಗಂಜಿ ಕುಡೀತಾ ಕೂತಿದ್ದ. ‘ಊರಿಂದ ಏನಂತೆ ಸ್ವಾಮಿ?’ ಅಂತ ಕೇಳ್ದ. ಅಯ್ಯನವರು ಮಡಚಿ ಜೇಬಿಗೆ ಹಾಕ್ಕೊಂಡು, ‘ಬಿತ್ತನೆ ಆಯ್ತಂತೆ ಕಣಪ್ಪಾ’ ಅಂದ್ರು. ಅವನು ಶಿಲುಬೆ ಗುರುತು ಮಾಡ್ಕೊಂಡು ಇನ್ನೊಂದು ಬಟ್ಟಲು ಗಂಜಿ ಹಾಕಿಸ್ಕೊಂಡ.”

ನನ್ನ ಪತ್ರದಲ್ಲಿ ಬಿತ್ತನೆಯ ಮಾತೇ ಇರಲಿಲ್ಲ. ಜನ ಕಲ್ಲು ಹೊಡೆದದ್ದು ಕೇಳಿದಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ. ಅವರಿಗೆ ಅವನು ಯಾರೋ. ನಿನಗೆ ಅವನ ಊರು, ಅವನ ತಾಯಿ, ಅವನ ಎತ್ತು, ಎಲ್ಲ ಗೊತ್ತಿತ್ತು.

ಕಳಿಸಿದವಳು ನಾನು, ಅದು ಸತ್ತರೂ ಹೋಗುವುದಿಲ್ಲ. ಅದನ್ನು ಹಿಲ್ಡಳಿಗೆ ನಾನೇ ಬಾಯಿಬಿಟ್ಟು ಹೇಳಿದೆ. ಎಲ್ಲ ಹೇಳಿದೆ, ವೋಕ್ ಹೇಳಿದ್ದನ್ನೂ ಬಿಡಲಿಲ್ಲ. ಅವಳು, “ನಿಮ್ಮ ಮಾತು ನಾನೇ ಕಲಿತೆ ಅಮ್ಮಾವ್ರೆ, ಎತ್ತಿಗೆ ಕಲಿಸೋದು ಏನು ಮಹಾ ಆಗಿತ್ತು? ಬೇಕು ಅಂತ ಯಾರೂ ಹೇಳ್ಲಿಲ್ವಲ್ಲ” ಅಂದಳು. ನಾನು ಅವಳ ಕಾಲು ಹಿಡಿದೆ.

ಇದಕ್ಕೂ ಮುಂಚೆ, ಪ್ರಾಗಿನ ಸುದ್ದಿ ಬಂದ ಕೂಡಲೇ ಊರಿನವರು ಅವಳ ಮನೆಯ ಮುಂದೆ ಗುಂಪು ಕಟ್ಟಿದರು. ಚರ್ಚಿನಲ್ಲಿ ಅತ್ತಿದ್ದ ಅದೇ ಮುದುಕರು. ಪ್ರೊಕೋಪನೂ ಇದ್ದ. “ಈ ಮೂಗಿಯಿಂದಲೇ ನಮ್ಮ ದೊರೆ ಹೋದ” ಅಂದರು. ನಾನು ನಡುವೆ ಹೋಗಿ ನಿಂತೆ, ಬಾಯಿಗೆ ಬಂದದ್ದೆಲ್ಲ ಬೈದೆ. ಹಿಲ್ಡಳನ್ನೂ ಅವಳ ಸೊಸೆಯನ್ನೂ ನನ್ನ ಮನೆಗೆ ಕರೆತಂದೆ. ಇಬ್ಬರೂ ಈಗ ಇಲ್ಲೇ ಇರುತ್ತಾರೆ. ಸೊಸೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಹಿಲ್ಡಳಿಗೆ ಸುಮ್ಮನೆ ಕೂರಲು ಆಗುವುದಿಲ್ಲ. ಮನೆಯ ಅಗಳಿ, ಬೀಗದಕೈ ಎಲ್ಲ ಅವಳ ವಶಕ್ಕೆ ಕೊಟ್ಟಿದ್ದೇನೆ.

ಕ್ರಿಸ್‌ಮಸ್ಸಿಗೆ ಬರುತ್ತೇನೆ ಅಂದಿದ್ದೀಯ. ಬಾ, ಬೇಡ ಅನ್ನುವುದಿಲ್ಲ. ಬಾಗಿಲು ತೆಗೆಯುವವಳು ಅವಳೇ. ತೆಗೆಯುವ ಮೊದಲು ಯಾರು ಅಂತ ಕೇಳುತ್ತಾಳೆ. ಉತ್ತರ ಕೊಡು. ನಮ್ಮ ನುಡಿಯಲ್ಲಿ ಹೇಳಿದರೂ ಸರಿ, ಜರ್ಮನ್ನಿನಲ್ಲಿ ಹೇಳಿದರೂ ಸರಿ, ಅವಳಿಗೆ ಎರಡೂ ಚೆನ್ನಾಗಿ ಅರ್ಥವಾಗುತ್ತದೆ.

ಸ್ವತಾವಾ